ಗೋಡೆಯ ಬುಡದ ತಾಟು

ಪೂಜ್ಯ ಶ್ರೀ ನಿರ್ವಾಣಯ್ಯ ಅಜ್ಜನವರು ಆಗ ಹಳ್ಳದ ದಂಡೆಯ ಮಣ್ಣಿನ ಮಠದಲ್ಲಿದ್ದರು. ಮಠವೆಂದರೆ ಎರಡು ಅಂಕಣದ ಮನೆ, ಒಂದು ಒಲೆ. ಜೋಳಿಗೆಗೆ ಬಂದ ಹಿಟ್ಟಿನಲ್ಲಿ ಭಕ್ತರು ರೊಟ್ಟಿ ಬಡಿಯುವರು, ಶ್ರೀಗಳವರು ತಮ್ಮ ಕೈಯಿಂದಲೇ ಎಲ್ಲರಿಗೂ ನೀಡುವರು. ಬಂದವರೆಲ್ಲ ಉಂಡೆದ್ದ ಮೇಲೆಯೇ ಅವರ ಪ್ರಸಾದ.

ಒಂದು ಮಧ್ಯಾಹ್ನ ಕಿರಾಣಿ ಅಂಗಡಿಯ ರಾಚಪ್ಪ ಹೆಂಡತಿ ನಿಂಬೆವ್ವನನ್ನು ಕರೆದುಕೊಂಡು ಅಲ್ಲಿಗೆ ಬಂದ. ಉಣ್ಣುವುದನ್ನು ರಾಚಪ್ಪನಿಂದ ಕಲಿಯಬೇಕೆಂದು ಊರೇ ಹೊಗಳುತ್ತಿತ್ತು. ಮಣೆಯ ಮೇಲೆ ನೆಟ್ಟಗೆ ಕೂಡುವನು, ಮಾತಿಲ್ಲ, ತುತ್ತನ್ನು ನುಣ್ಣಗಾಗುವ ತನಕ ಅಗಿಯುವನು, ಕೊನೆಗೆ ತಾಟು ತೊಳೆದ ನೀರನ್ನೂ ಕುಡಿಯುವನು. ಉಪ್ಪು ಒಂದು ಹರಳು ಹೆಚ್ಚಾದರೂ ಬೈಯುವವನಲ್ಲ. ಎರಡು ಬೆರಳಿನಿಂದ ತಾಟನ್ನು ಮುಂದಕ್ಕೆ ಸರಿಸಿ ಎದ್ದುಬಿಡುವನು, ಅಷ್ಟೇ. ಅಂದು ತನಗೆ ಉಪವಾಸದ ಪುಣ್ಯ ಬಂತೆಂದು ತಿಳಿಯುವನು. ಗಂಡ ಉಣ್ಣದ ಮನೆಯಲ್ಲಿ ಹೆಂಡತಿಯೂ ಉಣ್ಣುವಂತಿಲ್ಲ ಎಂಬುದು ಆ ಪುಣ್ಯವಂತನಿಗೆ ಹೊಳೆದೇ ಇರಲಿಲ್ಲ. ಇಂಥ ಪುಣ್ಯಕ್ಕೆ ಬೆಂಕಿ ಬೀಳಲಿ!

“ಅಜ್ಜಾರ, ಇಕಿಗೆ ಯಾವುದೋ ಗಾಳಿ ಬಡದೈತ್ರಿ,” ಎಂದ ರಾಚಪ್ಪ. “ತುತ್ತು ಗಂಟಲದಾಗ ಇಳಿವಲ್ದು. ತನ್ನ ಪಾಲು ಒಯ್ದು ಎಮ್ಮಿಗೆ ಹಾಕ್ತಾಳ. ಅನ್ನಕ್ಕ ಇಂಥಾ ಅಪಮಾನ! ಹಿಂಗ ಆದ್ರ ಯುಗಾದಿ ಕಾಣೂದಿಲ್ಲ ಅಂತ ವೈದ್ಯರು ಹೇಳ್ಯಾರ. ಒಂದು ತಾಯತ ಕಟ್ರಿ.”

ನಿಂಬೆವ್ವ ಒಣಗಿ ಕಡ್ಡಿಯಾಗಿದ್ದಳು. ಶ್ರೀಗಳವರು ತಾಯತದ ಮಾತೆತ್ತಲಿಲ್ಲ. ಇಬ್ಬರನ್ನೂ ಎದುರುಬದುರು ಕೂಡಿಸಿ ಖಡಕ್ ರೊಟ್ಟಿ, ಪುಂಡಿಪಲ್ಲೆ ನೀಡಿದರು. ರಾಚಪ್ಪ ಕಣ್ಣು ಮುಚ್ಚಿ ಅಗಿಯತೊಡಗಿದ. ನಿಂಬೆವ್ವ ತನ್ನ ತಾಟನ್ನು ನೋಡಲೇ ಇಲ್ಲ. ಅವಳ ಜೀವವೆಲ್ಲ ಗಂಡನ ಆ ಎರಡು ಬೆರಳುಗಳ ಮೇಲಿತ್ತು. ಅಡಿಗೆ ಅವಳು ಮಾಡಿದ್ದಲ್ಲ. ಆದರೂ ಬೆರಳು ತಾಟಿನ ಅಂಚಿಗೆ ಬಂದಾಗಲೆಲ್ಲ ತಾನೂ ಏಳಲು ಅವಳು ಸೆರಗು ಸಾವರಿಸುತ್ತಿದ್ದಳು.

ಶ್ರೀಗಳವರು ಇದನ್ನು ಕಂಡರು. ರಾಚಪ್ಪನ ತಾಟನ್ನು ತಾವೇ ಎತ್ತಿ ಗೋಡೆಯ ಬುಡದಲ್ಲಿಟ್ಟರು.

“ಗ್ವಾಡಿ ಕಡೆ ಮಾರಿ ಮಾಡಿ ಕೂಡು,” ಎಂದರು.

“ನಾನ್ರಿ? ಕಳ್ಳನಂಗ?” ರಾಚಪ್ಪನ ಮುಖ ಕೆಂಪಾಯಿತು. ಗುರುವಿನ ಎದುರು ಎದ್ದುಹೋಗುವ ಧೈರ್ಯ ಸಾಲದೆ ಅವನು ಹಲ್ಲು ಕಚ್ಚಿ ಕೂತ.

ಆಮೇಲೆ ಅವನ ಬೆನ್ನ ಹಿಂದೆ ರೊಟ್ಟಿ ಮುರಿದ ಸಪ್ಪಳ. ಮತ್ತೊಮ್ಮೆ. ಬಹಳ ದಿನ ಹಸಿದವರು ಗಬಗಬನೆ ಉಣ್ಣುವ ಸಪ್ಪಳ. ಕಡೆಗೊಂದು ಸಣ್ಣ ದನಿ: “ಅಜ್ಜಾರ, ಇನ್ನೊಂದು ರೊಟ್ಟಿ ನೀಡ್ರಿ.”

ಮದುವೆಯಾದಂದಿನಿಂದ ಅವಳು ಏನನ್ನಾದರೂ ಬೇಡಿ ಉಂಡದ್ದನ್ನು ರಾಚಪ್ಪ ಕೇಳಿರಲಿಲ್ಲ. ಹಾಗೆ ಅಗಿದಗಿದು ಉಣ್ಣುವವನಿಗೆ ಬಾಯೊಳಗಿನ ತುತ್ತು ಈಗ ನುಂಗಲು ಬರಲಿಲ್ಲ. ಅವಳಿಗೆ ಬಡಿದ ಗಾಳಿ ಯಾವುದೆಂದು ಯಾರೂ ಹೇಳಬೇಕಾಗಲಿಲ್ಲ.

ಹೊರಡುವಾಗ ರಾಚಪ್ಪ ಶ್ರೀಗಳವರ ಪಾದ ಹಿಡಿದು ಅತ್ತ. “ಇಕಿ ಎದುರು ಕುಂತು ಉಣ್ಣೂದು ಇನ್ನ ಯಾವಾಗ್ರಿ, ಅಪ್ಪಾ?”

“ಅಕಿ ಕರದಾಗ ತಿರುಗು,” ಎಂದರು ಶ್ರೀಗಳವರು. “ಅಲ್ಲೀತನಕ ನೀ ಕೇಳಬ್ಯಾಡ.”

ಅಂದಿನಿಂದ ರಾಚಪ್ಪ ಮೊದಲು ಅವಳಿಗೆ ನೀಡಿ, ಆಮೇಲೆ ಗೋಡೆಗೆ ಮುಖ ಮಾಡಿ ಉಂಡ. ಉಪ್ಪು ಹೆಚ್ಚಾದರೂ ಉಂಡ, ಇಲ್ಲದಿದ್ದರೂ ಉಂಡ. ಹೊಗಳಿದ್ದ ಊರೇ ಈಗ ನಕ್ಕಿತು. ನಿಂಬೆವ್ವ ಮೈತುಂಬಿಕೊಂಡಳು, ಯುಗಾದಿ ಕಂಡಳು, ಎಷ್ಟೋ ಯುಗಾದಿ ಕಂಡಳು. ಗಂಡನಿಗೆ ಜ್ವರ ಬಂದಾಗ ಕಷಾಯ ಕಾಸಿ ಕುಡಿಸಿದಳು. ಆದರೆ ಈ ಕಡೆ ತಿರುಗಿರಿ ಎಂದು ಮಾತ್ರ ಎಂದೂ ಅನ್ನಲಿಲ್ಲ. ಅವನೂ ಗುರುವಿನ ಮಾತು ಮೀರಿ ಕೇಳಲಿಲ್ಲ.

ಅವಳು ಲಿಂಗೈಕ್ಯಳಾದ ಮೇಲೆ ಒಂದು ದಿನ ಸೊಸೆ ತಾಟನ್ನು ಪಡಸಾಲೆಯ ನಡುವೆ ಇಟ್ಟು, “ಇನ್ನರ ಈ ಕಡೆ ಮಾರಿ ಮಾಡಿ ಕೂಡ್ರಿ, ಮಾವಾರ,” ಎಂದಳು.

ಮುದುಕ ತಾಟನ್ನು ಎತ್ತಿಕೊಂಡು ಗೋಡೆಯ ಬುಡಕ್ಕೆ ಹೋದ.

“ಅಕಿ ಕರೀಲಿಲ್ಲವ್ವಾ,” ಎಂದ.