ಹತ್ತೊಂಬತ್ತು ತೂತು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜಿನ ಆಟದ ಮೇಡಂ, ರತ್ನಮಾಲಾ. ಥ್ರೋಬಾಲ್ ಪಂದ್ಯ ಸೋತು ವಾಪಸಾಗುವಾಗ, ಸೋತದ್ದು ಯಾರಿಂದ ಎಂದು ನಾವು ಬಸ್ಸಿನಲ್ಲಿ ವಿಚಾರಣೆ ನಡೆಸುತ್ತಿದ್ದೆವು. ಮೇಡಂ ಕೊರಳಲ್ಲಿ ಇನ್ನೂ ವಿಷಲ್ ಇತ್ತು. ಹಾಗಾಗಿ ಎಲ್ಲರೂ ಕೇಳಿಸಿಕೊಂಡೆವು.

ಹೊಳೆಯ ಈ ದಡದಲ್ಲಿ ಒಂದು ಆಶ್ರಮ. ಆ ದಡದಲ್ಲಿ ಒಂದು ಊರು, ಊರಿಗೊಂದು ಫುಟ್ಬಾಲ್ ತಂಡ.

ಆಶ್ರಮದ ಶಿಷ್ಯ ಶಿವನಂಜ ಮನೆ, ಕೆಲಸ, ಸಿನಿಮಾ ಎಲ್ಲ ಬಿಟ್ಟು ಬಂದವನು. ಫುಟ್ಬಾಲನ್ನು ಮಾತ್ರ ಬಿಟ್ಟಿರಲಿಲ್ಲ, ಆ ದಡದಲ್ಲಿ ಇಟ್ಟಿದ್ದ. ಪ್ರತಿ ಭಾನುವಾರ ಹೋಗಿ ನೋಡಿಕೊಂಡು ಬರುತ್ತಿದ್ದ.

ಆ ಭಾನುವಾರ ತಂಡ ನಾಲ್ಕು ಗೋಲಿನಿಂದ ಸೋತಿತು. ಶಿವನಂಜ ಬಂದವನೇ ಹೊಳೆಯ ಮೆಟ್ಟಿಲ ಮೇಲೆ ಕುಕ್ಕರಿಸಿದ.

ಸಂಜೆಯ ಪ್ರಸಾದಕ್ಕೆ ಅವನು ಕಾಣದ್ದರಿಂದ ಗುರುಗಳೇ ಹುಡುಕಿಕೊಂಡು ಬಂದರು.

"ಹಸಿವಿಲ್ಲವೇನಪ್ಪಾ?"

"ನಾಲ್ಕು ಗೋಲು ತಿಂದು ಬಂದಿದ್ದೀನಿ ಬುದ್ಧಿ."

"ತಂಡದ ಕೊರತೆ ಏನು?"

ಶಿವನಂಜ ಈ ಪ್ರಶ್ನೆಗೇ ಕಾದಿದ್ದವನಂತೆ ಸೊಂಟದಿಂದ ಒಂದು ಚೀಟಿ ತೆಗೆದ.

"ಎಡಗಡೆ ಆಡುವವನಿಗೆ ಎಡಗಾಲು ಇದೆ ಅನ್ನೋದೇ ನೆನಪಿಲ್ಲ. ನಡುವಿನವನಿಗೆ ಅರ್ಧ ಆಟಕ್ಕೇ ಏದುಸಿರು. ಮುಂದಿನವನು ಗೋಲಿನ ಎದುರು ಚೆಂಡು ಸಿಕ್ಕರೆ ಮದುಮಗನ ಹಾಗೆ ನಾಚಿಕೊಳ್ಳುತ್ತಾನೆ. ಗೋಲ್‌ಕೀಪರ್ ಇನಾಸಪ್ಪ ಬಲಕ್ಕೆ ಹಾರುತ್ತಾನೆ, ಎಡಕ್ಕೆ ಯೋಚನೆ ಮಾಡುತ್ತಾನೆ. ಇನ್ನೂ ಇದೆ ಬುದ್ಧಿ, ಚೀಟಿಯ ಹಿಂಬದಿಯಲ್ಲಿ."

"ಇದರಲ್ಲಿ ಸುಳ್ಳೆಷ್ಟು?"

"ಒಂದೂ ಇಲ್ಲ."

"ಇರಲಿಕ್ಕಿಲ್ಲ," ಎಂದರು ಗುರುಗಳು. "ಅವರಿಗೆ ಹೇಳಿದೆಯಾ?"

"ಆಟ ಮುಗಿದ ಮೇಲೆ ಬೆಂಚು ಹತ್ತಿ ಓದಿದೆ. ಒಬ್ಬೊಬ್ಬರ ಹೆಸರು ಹಿಡಿದು."

"ಏನಂದರು?"

ಶಿವನಂಜ ಚೀಲದಿಂದ ಒಂದು ಜೊತೆ ಗ್ಲೌಸು ತೆಗೆದು ಮೆಟ್ಟಿಲ ಮೇಲಿಟ್ಟ.

"ಇನಾಸಪ್ಪ ಬಿಚ್ಚಿ ನನ್ನ ಕೈಗಿಟ್ಟ. ಬರೋ ಭಾನುವಾರ ನೀವೇ ನಿಂತ್ಕೊಳ್ಳಿ ಸ್ವಾಮಿ ಅಂದ. ಅವನನ್ನು ಬಿಟ್ಟರೆ ನಮಗೆ ಇನ್ನೊಬ್ಬ ಗೋಲ್‌ಕೀಪರ್ ಇಲ್ಲ. ಅವನು ಇಳಿಯದಿದ್ದರೆ ತಂಡವೇ ಇಳಿಯಲ್ಲ. ಪಂದ್ಯಾವಳಿಯಿಂದಲೇ ಹೊರಗೆ."

"ಹೊಳೆ ದಾಟಿ ಬಂದದ್ದು ಹೇಗೆ?"

"ಅವನ ಹರಿಗೋಲಿನಲ್ಲೇ. ಈ ಕಡವಿಗೆ ಅವನೇ ತಾನೆ ಅಂಬಿಗ." ಶಿವನಂಜ ದನಿ ತಗ್ಗಿಸಿದ. "ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ನನಗೆ ಈಜು ಬರಲ್ಲ, ನಾನೂ ಮಾತಾಡಲಿಲ್ಲ."

ಗುರುಗಳು ಎದ್ದರು.

"ಬೆಳಗ್ಗೆ ಆಶ್ರಮದ ಹಳೆಯ ಹರಿಗೋಲು ಪರೀಕ್ಷೆ ಮಾಡಬೇಕು. ಕೊರತೆ ಹುಡುಕುವ ಕಣ್ಣು ನಿನಗಿದೆ. ನೀನೇ ಬಾ."

ಹರಿಗೋಲನ್ನು ಪರೀಕ್ಷೆ ಮಾಡುವ ಪದ್ಧತಿ ಸರಳ. ಅದನ್ನು ಮೂರು ಕಲ್ಲಿನ ಮೇಲೆ ಎತ್ತಿಟ್ಟು ಒಳಗೆ ನೀರು ಹೊಯ್ಯುತ್ತಾರೆ. ಕೆಳಗೆ ಎಲ್ಲಿ ಜಿನುಗುತ್ತದೋ ಅಲ್ಲಿಗೆ ಸುಣ್ಣದ ಗುರುತು. ಆಮೇಲೆ ಡಾಂಬರು.

ಶಿವನಂಜ ಕೊಡ ಕೊಡ ನೀರು ಹೊತ್ತು ಹೊಯ್ದ. ಅಡಿಯಲ್ಲಿ ಅಂಗಾತ ಮಲಗಿ, ಮುಖದ ಮೇಲೆ ಹನಿ ಬೀಳಿಸಿಕೊಂಡು ಗುರುತು ಹಾಕಿದ. ಸೂಜಿಮೊನೆಯಷ್ಟರದ್ದನ್ನೂ ಬಿಡಲಿಲ್ಲ.

"ಹತ್ತೊಂಬತ್ತು ಬುದ್ಧಿ." ದನಿಯಲ್ಲಿ ಸೋತ ಬೇಸರ ಒಂದಿಷ್ಟೂ ಇರಲಿಲ್ಲ.

"ಭೇಷ್. ನೀರು ಚೆಲ್ಲು. ಹೊಳೆಗಿಳಿಸು. ಆ ದಡಕ್ಕೆ ಹೋಗಿ ಬರೋಣ. ಗ್ಲೌಸು ಮರೀಬೇಡ."

"ಡಾಂಬರು ಬಳಿದಿಲ್ಲ ಬುದ್ಧಿ."

"ತೂತೆಲ್ಲ ಗುರುತು ಹಾಕಿದ್ದೀಯಲ್ಲ."

"ಗುರುತು ಹಾಕಿದರೆ ನೀರು ನಿಲ್ಲುತ್ತಾ?"

ಗುರುಗಳು ಆಗಲೇ ಹುಟ್ಟು ಹಿಡಿದು ಕೂತಿದ್ದರು. ಗುರುಗಳು ಕೂತ ಮೇಲೆ ಶಿಷ್ಯ ದಡದಲ್ಲಿ ನಿಲ್ಲುವ ಹಾಗಿಲ್ಲ. ಶಿವನಂಜ ಹತ್ತಿದ.

ಹತ್ತು ಮಾರು ಹೋಗುವಷ್ಟರಲ್ಲಿ ಕಾಲು ತಣ್ಣಗಾಯಿತು. ತೂತು ಹುಡುಕೋಣವೆಂದು ಬಗ್ಗಿದರೆ ಒಂದೂ ಕಾಣದು. ಗುರುತುಗಳೆಲ್ಲ ಹೊರಗಡೆ ಇದ್ದವು.

ತಡವಿ ತಡವಿ ಒಂದಕ್ಕೆ ಹಿಮ್ಮಡಿ ಒತ್ತಿದ. ಇನ್ನೊಂದಕ್ಕೆ ಅಂಗೈ. ಬುಳುಬುಳು ಉಕ್ಕುತ್ತಿದ್ದ ದೊಡ್ಡದಕ್ಕೆ, ಕೈಗೆ ಸಿಕ್ಕಿದ ಗ್ಲೌಸುಗಳನ್ನೇ ತುರುಕಿದ. ಆಮೇಲೆ ಗುರುಗಳ ಚೊಂಬು ಹಿಡಿದು ನೀರು ಮೊಗೆದು ಹೊರಗೆ ಚೆಲ್ಲತೊಡಗಿದ.

ನಡುಹೊಳೆಯಲ್ಲಿ ಗುರುಗಳು ಕೇಳಿದರು: "ಹತ್ತೊಂಬತ್ತರಲ್ಲಿ ಯಾವುದು ಬಲು ಕೆಟ್ಟದ್ದು ಅನ್ನುತ್ತೀ?"

"ಆಮೇಲೆ ಹೇಳ್ತೀನಿ ಬುದ್ಧಿ. ಸ್ವಲ್ಪ ಕಾಲು ಎತ್ತಿ, ಅಲ್ಲಿ ನೀರು ನಿಂತಿದೆ."

ಗುರುಗಳು ಕಾಲೆತ್ತಿದರು. ಶಿವನಂಜ ಮೊಗೆದ. ಸೊಂಟದ ಚೀಟಿ ನೆನೆದು ಮುದ್ದೆಯಾದದ್ದು ಅವನಿಗೆ ತಿಳಿಯಲೇ ಇಲ್ಲ.

ಆ ದಡದಲ್ಲಿ ಇನಾಸಪ್ಪ ತನ್ನ ಹರಿಗೋಲನ್ನು ಮಗುಚಿ ಡಾಂಬರು ಬಳಿಯುತ್ತಿದ್ದ. ತೊಟ್ಟಿಕ್ಕುತ್ತಾ ಬಂದ ಇಬ್ಬರನ್ನೂ ನೋಡಿದ. ಶಿವನಂಜ ಹಿಡಿದಿದ್ದ ಗ್ಲೌಸನ್ನು ನೋಡಿದ.

"ಒಗೆದು ತಂದ್ರಾ ಸ್ವಾಮಿ? ಭಾನುವಾರ ನಿಲ್ಲೋರು ನೀವೇ ಅಲ್ವಾ?"

ಶಿವನಂಜ ಗ್ಲೌಸನ್ನು ಪಕ್ಕಕ್ಕಿಟ್ಟ. ಇನ್ನೊಂದು ಬ್ರಶ್ ಡಾಂಬರಿನ ಡಬ್ಬಿಯಲ್ಲಿ ಬಿದ್ದಿತ್ತು. ಎತ್ತಿಕೊಂಡು ಹರಿಗೋಲಿನ ಮತ್ತೊಂದು ಬದಿಗೆ ಕೂತ.

ಇಬ್ಬರೂ ಸೇರಿ ಕಾಲುಭಾಗ ಬಳಿದರು.

"ಅಲ್ಲಿ ತೆಳ್ಳಗಾಯ್ತು," ಎಂದ ಇನಾಸಪ್ಪ.

ಶಿವನಂಜ ಅಲ್ಲಿ ಇನ್ನೊಂದು ಸಲ ಬಳಿದ.

"ಎಡಕ್ಕೆ ಹಾರೋದು ಕಷ್ಟ ಸ್ವಾಮಿ," ಎಂದ ಇನಾಸಪ್ಪ ಡಾಂಬರನ್ನೇ ನೋಡುತ್ತಾ. "ಹುಟ್ಟು ಹಾಕಿ ಹಾಕಿ ಆ ಭುಜ ಹಿಡ್ಕೊಂಡಿದೆ."

"ನಾಳೆಯಿಂದ ಸಂಜೆ ನಾನು ಬರ್ತೀನಿ. ಎಡಕ್ಕೇ ಒದೀತೀನಿ. ನೂರು ಸಲ."

"ನೀವು ಒದ್ದದ್ದು ಗೋಲಿನ ತನಕ ಬರುತ್ತಾ?"

"ಹತ್ತಿರದಿಂದ ಒದೀತೀನಿ."

ಇನಾಸಪ್ಪ ಎದ್ದು, ಗ್ಲೌಸುಗಳನ್ನು ಹಿಂಡಿ, ಬಿಸಿಲು ಬೀಳುವ ಕಲ್ಲಿನ ಮೇಲೆ ಹರಡಿದ.

"ಭಾನುವಾರದೊಳಗೆ ಒಣಗಬೇಕು," ಎಂದ.

ದಡದ ಮೇಲೆ ಪಂಚೆ ಹಿಂಡಿಕೊಳ್ಳುತ್ತಿದ್ದ ಗುರುಗಳ ಹತ್ತಿರ ಶಿವನಂಜ ಬಂದ. ಕೈಯೆಲ್ಲ ಡಾಂಬರು.

"ಬುದ್ಧಿ, ಮೈದಾನದ ಬೆಂಚಿನ ಹತ್ತಿರ ಆಟ ನೋಡುವ ನನ್ನಂಥವರು ಇನ್ನೂ ಇಪ್ಪತ್ತು ಜನ ಇದ್ದಾರೆ. ಅವರವರ ಚೀಟಿ ಅವರವರ ಜೇಬಿನಲ್ಲಿದೆ. ಅವರಿಗೆ ಏನು ಹೇಳಲಿ?"

"ನಡುಹೊಳೆಯಲ್ಲಿ ಹರಿಗೋಲಿಗೆ ಏನು ಹೇಳಿದೆ?"

ಶಿವನಂಜ ಯೋಚಿಸಿದ.

"ಏನೂ ಹೇಳಲಿಲ್ಲ ಬುದ್ಧಿ. ನೀರು ಮೊಗೆಯುತ್ತಿದ್ದೆ."

"ಅಷ್ಟನ್ನೇ ಹೇಳು," ಎಂದರು ಗುರುಗಳು. "ಕೇಳಿದವರು ಇನ್ನೊಬ್ಬರಿಗೆ ಹೇಳಲಿ."