ನಿಂತು ನಿಂತು ಹೋಗುವ ಲಾರಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಅಜ್ಜಾರೇ, ಹುಡುಕಲು ಹೋದಾಗ ಸಿಗದ ದೋಷವನ್ನು ತಿದ್ದಿಕೊಳ್ಳುವುದು ಹೇಗೆ?”

ಆ ಮಠದಲ್ಲಿ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಯಾವ ದೋಷ ಎಂದು ಅವರು ಕೇಳಿದರು.

ಶಿಷ್ಯ ತಲೆ ತಗ್ಗಿಸಿ ಹೇಳಿದ. ಅವನಿಗೆ ಇದ್ದಕ್ಕಿದ್ದಂತೆ ಸಿಟ್ಟು ಬರುತ್ತಿತ್ತು. ಹಿಂದಿನ ದಿನ ದಾಸೋಹದಲ್ಲಿ ಸಾರು ಬಡಿಸಲು ತಡಮಾಡಿದ ಮುದುಕಿಯ ಮೇಲೆ ಕೂಗಾಡಿದ್ದ. ಅದಕ್ಕೂ ಮೊದಲು, ಬಾಗಿಲಿಗೆ ಅಡ್ಡವಾಗಿ ಚಪ್ಪಲಿ ಬಿಟ್ಟ ಭಕ್ತನನ್ನು ಎಲ್ಲರೆದುರು ಬೈದು ಕಳಿಸಿದ್ದ. ಕಾರಣ ಹುಡುಕಲು ಕೂತರೆ ಏನೂ ಸಿಗುತ್ತಿರಲಿಲ್ಲ. ಗುರುಗಳ ಮುಂದೆ ಬಂದು ಕೂತರಂತೂ, ಅವರು ಎಷ್ಟೇ ಗದರಿದರೂ, ಜನ್ಮದಲ್ಲೇ ಸಿಟ್ಟು ಮಾಡಿದವನಲ್ಲ ಎಂಬಷ್ಟು ಶಾಂತನಾಗಿಬಿಡುತ್ತಿದ್ದ.

“ಇನ್ನೊಮ್ಮೆ ಹೀಗಾದರೆ ನಾನು ಮಠ ಬಿಟ್ಟು ಹೋಗುತ್ತೇನೆ. ಈ ಕಾವಿಗೆ ನಾನು ಯೋಗ್ಯನಲ್ಲ” ಎಂದ.

“ಹೋಗುವೆಯಂತೆ. ಈಗ ಬಸ್ಸಿಲ್ಲ” ಎಂದರು ಗುರುಗಳು. “ಬಸ್ಸು ಬರುವ ತನಕ ಒಂದು ಲಾರಿಯ ಕತೆ ಕೇಳು.”

ಒಬ್ಬ ಲಾರಿ ಚಾಲಕನಿದ್ದ. ಹೆಸರು ಫಕೀರಪ್ಪ. ಅರ್ಧ ಆಯುಷ್ಯವನ್ನು ಬೇರೆಯವರ ಲಾರಿ ಓಡಿಸಿ ಕಳೆದವನು. ಬೇರೆಯವರ ಲಾರಿ ಓಡಿಸುವುದೆಂದರೆ ಏನೆಂದು ನಿನಗೆ ಗೊತ್ತಿಲ್ಲ. ಗಾಲಿ ಪಂಚರ್ ಆದರೂ ಬೈಗುಳ, ರೈಲಿಗೆಂದು ಗೇಟು ಹಾಕಿ ತಡವಾದರೂ ಬೈಗುಳ. ಕೊನೆಗೆ ಅವನೂ ಅವನ ಹೆಂಡತಿ ದ್ಯಾಮವ್ವನೂ ಹೊಟ್ಟೆ ಬಟ್ಟೆ ಕಟ್ಟಿ ಒಂದು ಹಳೆಯ ಡೀಸೆಲ್ ಲಾರಿ ಕೊಂಡರು. ಬಾಗಿಲ ಮೇಲೆ ತನ್ನ ಹೆಸರು ಬರೆಸಿದ ದಿನ ಫಕೀರಪ್ಪ ಖಾಲಿ ಲಾರಿಯಲ್ಲಿ ಊರೆಲ್ಲ ಸುತ್ತಿ ಬಂದನಂತೆ. ನಾನಾಗಿದ್ದರೂ ಸುತ್ತುತ್ತಿದ್ದೆ.

ಲಾರಿ ಗಟ್ಟಿಯಾಗಿತ್ತು. ಅದಕ್ಕೆ ಇದ್ದದ್ದು ಒಂದೇ ಕಾಯಿಲೆ. ಯಾವಾಗಲೋ ಒಮ್ಮೆ, ಚೆನ್ನಾಗಿ ಹೋಗುತ್ತಿದ್ದಾಗಲೇ, ಎಳೆಯುವ ಶಕ್ತಿ ಕಳೆದುಕೊಂಡು, ಕೆಮ್ಮಿ, ನಿಂತುಬಿಡುತ್ತಿತ್ತು. ಊರೊಳಗೆ ಓಡಾಡಿದರೆ ನಿಲ್ಲುತ್ತಿರಲಿಲ್ಲ. ಖಾಲಿ ಇದ್ದಾಗ ನಿಲ್ಲುತ್ತಿರಲಿಲ್ಲ. ಕರಾವಳಿಯಿಂದ ಹೆಂಚು ಹೇರಿಕೊಂಡು ಘಾಟಿ ಹತ್ತುವಾಗ, ಅದೂ ಎಲ್ಲ ಸಲವಲ್ಲ, ನಟ್ಟನಡು ತಿರುವಿನಲ್ಲಿ ನಿಲ್ಲುತ್ತಿತ್ತು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ಬಸ್ಸಿನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನ ವಂಶವನ್ನೆಲ್ಲ ನೆನೆಯುತ್ತಿದ್ದರು.

ಫಕೀರಪ್ಪ ಗಾಬರಿಯಿಂದ ಕೆಳಗೆ ಹಾರುತ್ತಿದ್ದ. ಮೊದಲು ಡೀಸೆಲ್ ಇದೆಯೋ ಇಲ್ಲವೋ ನೋಡಬೇಕಲ್ಲ? ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದುತ್ತಿದ್ದ. ಡೀಸೆಲ್ ಇರುತ್ತಿತ್ತು. ಆಮೇಲೆ ಟ್ಯಾಂಕಿನಿಂದ ಎಂಜಿನ್‌ಗೆ ಡೀಸೆಲ್ ಎಳೆಯುವ ಕೈಪಂಪು ಹೊಡೆಯುತ್ತಿದ್ದ, ಫಿಲ್ಟರ್ ಸಡಿಲಿಸಿ ಬಿಗಿಯುತ್ತಿದ್ದ, ಪೈಪಿಗೆ ತಟ್ಟುತ್ತಿದ್ದ, ದೇವರಿಗೆ ಕೈಮುಗಿಯುತ್ತಿದ್ದ. ಕೀಲಿ ತಿರುಗಿಸಿದರೆ ಲಾರಿ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತಿತ್ತು.

ಲಾರಿ ರಿಪೇರಿಯ ಮಿಸ್ತ್ರಿಗಳ ಬಳಿಗೆ ಹೋದ. ಅವರೇನೂ ದಡ್ಡರಲ್ಲ, ಮೋಸಗಾರರೂ ಅಲ್ಲ. ಒಬ್ಬ ಫಿಲ್ಟರ್ ಬದಲಿಸಿದ. ಇನ್ನೊಬ್ಬ ಪೈಪು ಬದಲಿಸಿದ. ಮತ್ತೊಬ್ಬ ಪಂಪನ್ನೇ ಬಿಚ್ಚಿ ತೊಳೆದು ಜೋಡಿಸಿದ. ಪ್ರತಿಯೊಬ್ಬನೂ ಊರ ಹೊರಗಿನ ತನಕ ಓಡಿಸಿ ನೋಡಿ, ಸರಿಯಾಯಿತು ಎಂದು ಎದೆ ತಟ್ಟಿ ಹೇಳಿದ. ಅವರ ಕೈಯಲ್ಲಿ ಅದು ನಿಂತರೆ ತಾನೆ! ಗ್ಯಾರೇಜಿನಲ್ಲಿ ಆ ಲಾರಿಯಷ್ಟು ಸಭ್ಯ ಲಾರಿ ಇನ್ನೊಂದಿರಲಿಲ್ಲ. ಈಗ ನೀನು ನನ್ನ ಮುಂದೆ ಕೂತಿದ್ದೀಯಲ್ಲ, ಹಾಗೆ.

ಉಳಿದ ಚಾಲಕರು ಅದನ್ನು ದೆವ್ವದ ಲಾರಿ ಎಂದು ಕರೆಯತೊಡಗಿದರು. ಲಾರಿಯ ಕ್ಲೀನರ್ ಹೆದರಿ ಕೆಲಸ ಬಿಟ್ಟ. ದ್ಯಾಮವ್ವ ಪೂಜೆ ಹೆಚ್ಚಿಸಿದಳು. ಲಾರಿಯವರ ಮನೆಯಲ್ಲಿ ಅಮಾವಾಸ್ಯೆಗೊಮ್ಮೆ ಲಾರಿ ತೊಳೆದು ಪೂಜೆ ಮಾಡುತ್ತಾರೆ. ಮೂತಿಗೆ ವಿಭೂತಿ, ಗಾಲಿಗೆ ನಿಂಬೆಹಣ್ಣು, ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಕುಂಕುಮ. ಲಾರಿ ಉಣ್ಣುವುದು ಆ ಬಾಯಿಂದ. ತಮಗೆ ಅನ್ನ ಕೊಡುವ ಲಾರಿಯ ಬಾಯಿಗೆ ಬೊಟ್ಟಿಡದೆ ಇರಲಾಗುತ್ತದೆಯೇ? ಪುಡಿ ಕುಂಕುಮ ಗಾಳಿಗೆ ಹಾರುತ್ತದೆಂದು ಎಣ್ಣೆಯಲ್ಲಿ ಕಲಸಿ ಹಚ್ಚುವುದು ರೂಢಿ. ಈ ಲಾರಿ ಮಾರಿದವನ ಮನೆಯವರೂ ಹಾಗೆಯೇ ಹಚ್ಚಿದ್ದರು. ಅದರ ಮೇಲೆ ದ್ಯಾಮವ್ವ ಹಚ್ಚಿದಳು. ಹಚ್ಚಿದ ಕುಂಕುಮವನ್ನು ಒರೆಸುವವರುಂಟೇ? ಲಾರಿ ನಿಂತಷ್ಟೂ ಅವಳು ಭಕ್ತಿಯಿಂದ ಇನ್ನೊಂದು ಬೊಟ್ಟು ಒತ್ತಿದಳು.

ಹೆಂಚಿನ ವ್ಯಾಪಾರಿಗೆ ಸಾಕಾಗಿಹೋಯಿತು. ಇದೇ ಕೊನೆಯ ಲೋಡು, ಸೂರ್ಯ ಮುಳುಗುವುದರೊಳಗೆ ಘಾಟಿಯ ಮೇಲಿನ ಗೋದಾಮಿಗೆ ಹೆಂಚು ಮುಟ್ಟದಿದ್ದರೆ ಮತ್ತೆ ನನ್ನ ಅಂಗಳಕ್ಕೆ ಲಾರಿ ತರಬೇಡ ಎಂದುಬಿಟ್ಟ. ಆ ಲೋಡು ತಪ್ಪಿದರೆ ಲಾರಿ ಗುಜರಿಗೆ ಹೋಗುತ್ತಿತ್ತು, ಫಕೀರಪ್ಪ ಮತ್ತೆ ಬೇರೆಯವರ ಲಾರಿಗೆ. ಅವನ ಹಳೆಯ ಮಾಲೀಕ ಆಗಲೇ ಹೇಳಿ ಕಳಿಸಿದ್ದ, ನಿನ್ನ ಸೀಟು ಖಾಲಿ ಇಟ್ಟಿದ್ದೇನೆ ಎಂದು. ಆ ಮಾತು ಫಕೀರಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಆ ದಿನ ದ್ಯಾಮವ್ವನೇ ಅವನ ಜೊತೆ ಹತ್ತಿದಳು. ಹತ್ತುವ ಮುಂಚೆ ಮುಚ್ಚಳಕ್ಕೆ ದೊಡ್ಡದೊಂದು ಬೊಟ್ಟಿಟ್ಟಳು. ಹೆಂಚು ತುಂಬಿದ ಲಾರಿ ಘಾಟಿ ಹತ್ತಿತು. ಅರ್ಧ ಘಾಟಿಗೆ ಬಂದಾಗ ಕೆಮ್ಮಿತು. ನಿಂತಿತು.

ದ್ಯಾಮವ್ವ ಕೆಳಗೆ ಹಾರಿ ಗಾಲಿಗೆ ಕಲ್ಲು ಕೊಟ್ಟಳು. ಫಕೀರಪ್ಪ ಇಳಿದು ಬಂದ. ಆದರೆ ಏನನ್ನೂ ಮುಟ್ಟದೆ ಲಾರಿಯ ಮುಂದೆ ಸುಮ್ಮನೆ ಕೂತ.

“ಯಾಕ ಸುಮ್ನ ಕುಂತೀರಿ? ಮುಚ್ಚಳಾ ತಗದ ಕಡ್ಡಿ ಅದ್ದ್ರಿ, ಪಂಪ ಹೊಡೀರಿ. ಹಿಂದ ಗಾಡಿ ಸಾಲು ಹಚ್ಚ್ಯಾವು.”

“ಹಚ್ಚಲಿ ಬಿಡು. ನಿಂತಾಗೆಲ್ಲಾ ನಾವು ಗಾಬರ್ಯಾಗಿ ಎಲ್ಲಾ ಒಮ್ಮೆಲೇ ಮಾಡತೀವಿ. ಯಾವುದಕ್ಕ ಚಾಲೂ ಆತು ಅನ್ನೂದು ನಮಗೂ ತಿಳಿದಿಲ್ಲ, ಮಿಸ್ತ್ರಿಗೂ ತಿಳಿದಿಲ್ಲ. ಇವತ್ತ ಒಂದೊಂದೇ ಮಾಡೂಣು.”

ಆ ಮಾತು ಹೇಳಲು ಎಷ್ಟು ಗುಂಡಿಗೆ ಬೇಕು ಗೊತ್ತೇ? ಹಿಂದೆ ಹಾರ್ನು, ಮೇಲೆ ಇಳಿಯುತ್ತಿರುವ ಬಿಸಿಲು. ಬೇಗ ಚಾಲೂ ಮಾಡಿ ಹೊರಟುಬಿಡು ಎಂದು ಮೈಯೆಲ್ಲ ಹೇಳುತ್ತಿರುತ್ತದೆ. ಅವನು ಹೊರಡಲಿಲ್ಲ. ಎದ್ದು ಪೈಪಿಗೆ ತಟ್ಟಿದ, ಕೀಲಿ ತಿರುಗಿಸಿದ. ಚಾಲೂ ಆಗಲಿಲ್ಲ. ಫಿಲ್ಟರ್ ಸಡಿಲಿಸಿದ. ಅದರಲ್ಲಿ ಡೀಸೆಲ್ಲೇ ಬರಲಿಲ್ಲ. ಕೈಪಂಪು ಎಳೆದ. ಒಳಗಿಂದ ಯಾರೋ ಹಿಡಿದುಕೊಂಡಂತೆ ಅದು ಮೇಲೆ ಬರಲೊಲ್ಲದು. ಚಾಲೂ ಆಗಲಿಲ್ಲ. ಉಳಿದದ್ದು ಟ್ಯಾಂಕಿನ ಮುಚ್ಚಳ ಒಂದೇ. ಡೀಸೆಲ್ ಇದೆಯೆಂದು ಅವನಿಗೆ ಗೊತ್ತಿತ್ತು. ಆದರೂ ಕಿವಿ ಹತ್ತಿರ ಇಟ್ಟು ಮುಚ್ಚಳ ತಿರುವಿದ.

ಸುಂಯ್ ಎಂದಿತು. ಗಾಳಿ ಹೊರಗೆ ಬರಲಿಲ್ಲ, ಒಳಗೆ ಹೋಯಿತು. ಎಷ್ಟೋ ಸಲ ಆ ಮುಚ್ಚಳ ತೆಗೆದವನು, ಆ ಗದ್ದಲದಲ್ಲಿ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಈಗ ಕೈಪಂಪು ಸಲೀಸಾಗಿ ಆಡಿತು. ಕೀಲಿ ತಿರುಗಿಸಿದ ಕೂಡಲೇ ಲಾರಿ ಗುಡುಗಿತು.

“ಚಾಲೂ ಆತಲ್ಲ! ನಡೀರಿ, ಸಂಜಿಯೊಳಗ ಮುಟ್ಟೂಣು” ಎಂದಳು ದ್ಯಾಮವ್ವ.

“ಇನ್ನೊಮ್ಮೆ ನಿಲ್ಲಬೇಕು.”

“ನಿಲ್ಲಬೇಕ? ತಲಿ ಕೆಟ್ಟೈತೇನ್ರಿ ನಿಮಗ?”

“ಒಮ್ಮೆ ಆಗಿದ್ದು ಸುಮ್ನ ಆಗಿದ್ದೂ ಇರಬಹುದು. ಮತ್ತ ನಿಂತು, ಮತ್ತ ಮುಚ್ಚಳಕ್ಕ ಚಾಲೂ ಆದ್ರ ಕಳ್ಳ ಸಿಕ್ಕಂಗ.”

ಮುಚ್ಚಳವನ್ನು ಮೊದಲಿನಂತೆಯೇ ಬಿಗಿದು ಲಾರಿಯನ್ನು ಮತ್ತೆ ಘಾಟಿ ಹತ್ತಿಸಿದ. ಇಷ್ಟು ದಿನ ಲಾರಿ ನಿಲ್ಲದಿರಲೆಂದು ದೇವರಿಗೆ ಹರಕೆ ಹೊತ್ತವನು, ಇವತ್ತು ನಿಲ್ಲಲಿ ಎಂದು ಕಾಯುತ್ತ ಓಡಿಸಿದ. ಲಾರಿ ಅವನ ಮಾತು ನಡೆಸಿಕೊಟ್ಟಿತು. ಕೆಲವು ತಿರುವು ದಾಟಿ ಕೆಮ್ಮಿ ನಿಂತಿತು. ಹಿಂದಿನವರು ಮತ್ತೆ ಬೈದರು. ಫಕೀರಪ್ಪ ನಗುತ್ತಲೇ ಇಳಿದ. ಬೇರೇನನ್ನೂ ಮುಟ್ಟದೆ ಮುಚ್ಚಳ ಮಾತ್ರ ತಿರುವಿದ. ಸುಂಯ್! ಕೈಪಂಪು ಹೊಡೆದ, ಲಾರಿ ಚಾಲೂ ಆಯಿತು. “ಸಿಕ್ತು!” ಎಂದು ಅವನು ಕೂಗಿದ್ದಕ್ಕೆ ಬೈಯುತ್ತಿದ್ದ ಬಸ್ಸಿನವನೂ ಸುಮ್ಮನಾದನಂತೆ.

ವಿಷಯ ಇಷ್ಟೇ. ಟ್ಯಾಂಕಿನಿಂದ ಡೀಸೆಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಬಾಟಲಿಗೆ ಬಾಯಿ ಹಚ್ಚಿ ಎಳೆಯುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ನೀರು ಬರುವುದು ನಿಲ್ಲುತ್ತದಲ್ಲ, ಹಾಗೆ. ಅದಕ್ಕೆಂದೇ ಮುಚ್ಚಳದ ನಡುವೆ ಸೂಜಿ ತೂರುವಷ್ಟು ಸಣ್ಣ ತೂತು ಇಟ್ಟಿರುತ್ತಾರೆ. ಊರೊಳಗೆ ಎಂಜಿನ್ ಕುಡಿಯುವುದು ಕಡಿಮೆ, ಹೇಗೋ ನಡೆಯುತ್ತಿತ್ತು. ಭಾರ ಹೊತ್ತು ಘಾಟಿ ಹತ್ತುವಾಗ ದಾಹ ಹೆಚ್ಚು, ಆಗ ಉಸಿರು ಕಟ್ಟುತ್ತಿತ್ತು. ದಾರಿಯಲ್ಲೆಲ್ಲೋ ಡೀಸೆಲ್ ಹಾಕಿಸಲು ಮುಚ್ಚಳ ತೆಗೆದ ದಿನ ನಿಲ್ಲದೆಯೂ ಹೋಗುತ್ತಿತ್ತು. ನಿಂತಾಗಲಂತೂ ಚಾಲಕನಿರಲಿ, ಮಿಸ್ತ್ರಿಯಿರಲಿ, ಮೊದಲು ಮುಚ್ಚಳ ತೆಗೆದು ಡೀಸೆಲ್ ನೋಡುತ್ತಿದ್ದರು. ನೋಡುವ ಕೆಲಸದಲ್ಲೇ ರೋಗ ಹೋಗಿಬಿಡುತ್ತಿತ್ತು. ಆಮೇಲೆ ಎಷ್ಟು ಬಿಚ್ಚಿ ಹುಡುಕಿದರೂ ಸಿಗುವುದೇನು?

ಫಕೀರಪ್ಪ ಮುಚ್ಚಳವನ್ನು ಹೆಂಡತಿಯ ಕೈಗೆ ಕೊಟ್ಟ. ಮೇಲೆ ಕುಂಕುಮ ಗಟ್ಟಿಯಾಗಿ ಕಪ್ಪು ಹಿಡಿದು ಬಿಲ್ಲೆಯಂತೆ ಕೂತಿತ್ತು. ತೂತು ಎಲ್ಲಿದೆ ಎಂದು ಹುಡುಕಬೇಕಿತ್ತು.

ದ್ಯಾಮವ್ವನ ಮುಖ ಸಣ್ಣದಾಯಿತು. ತನ್ನ ಕೈಯಿಂದಲೇ ಹೀಗಾಯಿತಲ್ಲ ಎಂದು ಕಣ್ಣು ತುಂಬಿತು. “ಹಚ್ಚಿದ ಕುಂಕುಮ ಕೆರೀತಾರೇನ್ರಿ ಯಾರರ?” ಎಂದಳು.

“ಹಚ್ಚಬ್ಯಾಡ ಅನ್ನೂದಿಲ್ಲ. ಮೂತಿಗೆ ಹಚ್ಚು, ಬಾಗಲಕ್ಕ ಹಚ್ಚು, ನನ್ನ ಹಣಿಗೂ ಹಚ್ಚು. ಉಸರಾಡೂ ತೂತಿನ ಮ್ಯಾಲ ಮಾತ್ರ ಬ್ಯಾಡ.”

ಅವಳು ಮುಚ್ಚಳವನ್ನು ಕಣ್ಣಿಗೊತ್ತಿಕೊಂಡಳು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದಳು. ಒಂದೊಂದೇ ಪದರ ಕೆರೆದು ತಾನೇ ತೂತು ಬಿಡಿಸಿದಳು. ಕೆರೆದ ಕುಂಕುಮವನ್ನು ಗುಡ್ಡದ ಬದಿಯ ಗಿಡದ ಬುಡಕ್ಕೆ ಹಾಕಿ, ಬಾಯಿಂದ ತೂತಿಗೆ ಊದಿ ನೋಡಿದಳು. ಗಾಳಿ ಆ ಕಡೆ ಬಂತು.

ಆಮೇಲೆ ಲಾರಿ ಹತ್ತಿದ್ದನ್ನು ನೀನು ನೋಡಬೇಕಿತ್ತು! ಕೆಮ್ಮಿಲ್ಲ, ತಡವರಿಕೆಯಿಲ್ಲ. ಒಂದೊಂದು ತಿರುವು ಬಂದಾಗಲೂ ದ್ಯಾಮವ್ವ ಸೀಟಿನ ಅಂಚು ಹಿಡಿಯುತ್ತಿದ್ದಳು, ದಾಟಿದಾಗ ಬಿಡುತ್ತಿದ್ದಳು. ಆಮೇಲೆ ಹಿಡಿಯುವುದನ್ನೇ ಮರೆತಳು. ಘಾಟಿಯ ನೆತ್ತಿಯಲ್ಲಿ ಚಹಾದಂಗಡಿ. ಅಲ್ಲಿ ಕೂತಿದ್ದ ಚಾಲಕರು, ದೆವ್ವದ ಲಾರಿ ಮೇಲೆ ಬಂದದ್ದು ನೋಡಿ ಎದ್ದು ನಿಂತು, ನಿಲ್ಲಿಸು ಮಾರಾಯ, ಚಹಾ ಕುಡಿದು ಹೋಗು ಎಂದು ಕೈ ಬೀಸಿದರು. ಫಕೀರಪ್ಪ ಉದ್ದಕ್ಕೆ ಹಾರ್ನ್ ಹೊಡೆದ. ನಿಲ್ಲಿಸಲಿಲ್ಲ. ಜನ್ಮದಲ್ಲಿ ಅವನು ಕುಡಿದ ಯಾವ ಚಹಾವೂ, ಬಿಟ್ಟು ಬಂದ ಆ ಚಹಾದಷ್ಟು ರುಚಿಯಾಗಿರಲಿಲ್ಲವಂತೆ. ಬಿಸಿಲಿರುವಾಗಲೇ ಹೆಂಚು ಗೋದಾಮಿಗೆ ಇಳಿಯಿತು. ಮರುವಾರ ವ್ಯಾಪಾರಿಯೇ ಕರೆದು ಲೋಡು ಕೊಟ್ಟ. ಹಳೆಯ ಮಾಲೀಕ ತನ್ನ ಖಾಲಿ ಸೀಟಿಗೆ ಬೇರೆಯವನನ್ನು ಹುಡುಕಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಅವನೇ ಆ ಘಾಟಿ ಹತ್ತಿ ಬಂದವನಂತಿದ್ದ.

“ತಿಳಿಯಿತು ಅಜ್ಜಾರೇ. ನಾನು ಮಠ ಬಿಡುವುದಿಲ್ಲ. ನನ್ನ ತೂತು ಎಲ್ಲಿ ಮುಚ್ಚಿದೆ ಎಂದು ನೀವೇ ತೋರಿಸಬೇಕು” ಎಂದು, ದಿನವೂ ಮಾಡುವಂತೆ, ಅವರ ಪಾದಕ್ಕೆ ಹಣೆ ಹಚ್ಚಲು ಬಾಗಿದ.

ಗುರುಗಳು ಕಾಲು ಹಿಂದಕ್ಕೆಳೆದುಕೊಂಡರು.

“ನಮಸ್ಕಾರ ಆಮೇಲೆ ಮಾಡು, ನನ್ನ ಮೇಲೆ ನಿನಗಿರುವ ಸಿಟ್ಟನ್ನು ಮೊದಲು ಹೇಳು.”