ಹಗ್ಗ ಹಿಡಿದ ಬಳೆಗಾರ

"ಗುರುಗಳೇ, ಜನ ಅಣ್ಣತಮ್ಮಂದಿರಂತೆ ಬಾಳಲು ಒಳ್ಳೆಯ ನಡತೆಯೊಂದಿದ್ದರೆ ಸಾಲದೆ? ಒಬ್ಬೊಬ್ಬರಿಗೆ ಒಂದೊಂದು ದೇವರಿರುವ ಊರಿನಲ್ಲಿ ನಂಬಿಕೆಗೇನು ಕೆಲಸ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಬಾವಿ ತೋಡುವವನೊಬ್ಬನಿದ್ದ. ತನ್ನ ಕೆಲಸದಲ್ಲಿ ಎತ್ತಿದ ಕೈ. ಆ ಕಸುಬಿಗೆ ಒಂದು ಕಟ್ಟಳೆಯಿತ್ತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಬ್ಬ ಕೆಳಗಿಳಿಯುವ ಮೊದಲು, ಮೇಲೆ ಹಗ್ಗ ಹಿಡಿಯುವವನು ತನ್ನ ದೇವರ ಮೇಲೆ ಆಣೆ ಇಡಬೇಕು: ನೀನು ಮೇಲೆ ಬರುವವರೆಗೆ ಕೈ ಬಿಡುವುದಿಲ್ಲ ಎಂದು. ನಮ್ಮ ಬಾವಿಯವನು ಇದಕ್ಕೆ ತನ್ನದೂ ಒಂದು ಕಟ್ಟಳೆ ಸೇರಿಸಿಕೊಂಡಿದ್ದ. ಆಣೆ ಇಡುವ ದೇವರು ತನ್ನ ದೇವರೇ ಆಗಿರಬೇಕು. ಹೀಗಾಗಿ ಇಪ್ಪತ್ತು ವರ್ಷ ಅವನ ಹಗ್ಗವನ್ನು ಅವನ ಭಾವನೇ ಹಿಡಿದಿದ್ದ.

ಒಂದು ದಿನ, ತೋಡುತ್ತಿದ್ದ ಬಾವಿಯಲ್ಲಿ ಒರತೆ ಕಾಣಿಸಿತು. ಕೂಡಲೇ ಇಳಿದು ಕೆಸರು ತೆಗೆಯದಿದ್ದರೆ ಅದು ಮುಚ್ಚಿಹೋಗುತ್ತಿತ್ತು. ಭಾವ ಜ್ವರ ಬಂದು ಮಲಗಿದ್ದ. ಸುತ್ತ ನಿಂತು ನೋಡುವವರಿಗೇನೂ ಬರವಿರಲಿಲ್ಲ, ಹಗ್ಗಕ್ಕೆ ಮಾತ್ರ ಯಾರೂ ಕೈ ಹಾಕಲಿಲ್ಲ. ಕೊನೆಗೆ ಬೇರೆ ಮತದ ಬಳೆಗಾರನೊಬ್ಬ ತನ್ನ ಬಳೆಯ ಮಲಾರ ಕೆಳಗಿಳಿಸಿ ಮುಂದೆ ಬಂದ. ತನ್ನ ದೇವರ ಹೆಸರು ಹೇಳಿ ಆಣೆ ಇಟ್ಟ.

ಬಾವಿಯವನಿಗೆ ಕಾಲೇ ಏಳಲಿಲ್ಲ. "ನಿನ್ನ ದೇವರು ನನಗೆ ಗೊತ್ತಿಲ್ಲವಲ್ಲಪ್ಪ" ಎಂದ.

"ನಿಮಗೆ ಗೊತ್ತಿರಬೇಕಾಗಿಲ್ಲ ಅಣ್ಣ. ಅವನಿಗೆ ನಾನು ಗೊತ್ತು" ಎಂದ ಬಳೆಗಾರ.

ಬೇರೆ ದಾರಿಯಿಲ್ಲದೆ ಇವನು ಇಳಿದ. ಒರತೆ ಬಿಡಿಸುವಷ್ಟರಲ್ಲಿ ದಂಡೆಯ ಮಣ್ಣು ಬಿರಿಯಿತು. ಮೇಲಿದ್ದವರು ದಿಕ್ಕಾಪಾಲಾಗಿ ಓಡಿದರು, ಆ ಓಟದ ಸದ್ದು ಕೆಳಗೂ ಕೇಳಿಸಿತು. ಮಣ್ಣು ತಲೆಯ ಮೇಲೆ ಸುರಿಯಿತು. ಇನ್ನು ಹಗ್ಗ ಸಡಿಲವಾಗುತ್ತದೆ ಎಂದು ಬಾವಿಯವನು ಕಣ್ಣು ಮುಚ್ಚಿ ಕಾದ. ಸಡಿಲವಾಗಲಿಲ್ಲ. ರಾಟೆ ಕಿರುಗುಟ್ಟುತ್ತ ಗೇಣು ಗೇಣಾಗಿ ಅವನನ್ನು ಮೇಲಕ್ಕೆ ತಂದಿತು.

ಬಿರಿದ ದಂಡೆಯ ಮೇಲೆ ಬಳೆಗಾರನೊಬ್ಬನೇ ಕಾಲೂರಿ ಕುಳಿತಿದ್ದ. ಅಂಗೈಗಳ ಚರ್ಮ ಕಿತ್ತುಹೋಗಿತ್ತು. ಹೆಂಗಸರಿಗೆ ನೋಯದಂತೆ ಬಳೆ ತೊಡಿಸುವ ಕೈಗಳು ಅವು. ಇನ್ನೊಂದು ತಿಂಗಳು ಒಂದು ಬಳೆಯನ್ನೂ ತೊಡಿಸುವಂತಿರಲಿಲ್ಲ. ಎಂಥ ಮನುಷ್ಯನನ್ನು ಅನುಮಾನಿಸಿದೆ ಎಂದು ಬಾವಿಯವನು ಆ ಕೈಗಳನ್ನು ಹಿಡಿದು ಅತ್ತ.

ಆ ತಿಂಗಳೆಲ್ಲ ಬಳೆಗಾರನ ಹೆಂಡತಿಯೇ ಮನೆಮನೆಗೆ ಹೋಗಿ ಬಳೆ ತೊಡಿಸಿದಳು. ಮಲಾರ ಹೊತ್ತು ಹಿಂದೆ ನಡೆದವನು ಬಾವಿಯವನು. ಮುಂದಿನ ಬಾವಿಯ ಹೊತ್ತಿಗೆ ಭಾವನಿಗೂ ಗುಣವಾಗಿತ್ತು. ಬಾವಿಯವನು ಬಳೆಗಾರನನ್ನೂ ಕರೆಸಿ, "ಇಬ್ಬರೂ ಹಿಡಿಯಿರಿ. ನಿಮ್ಮ ನಿಮ್ಮ ದೇವರ ಮೇಲೆಯೇ ಆಣೆ ಇಡಿ" ಎಂದು ಕೆಳಗಿಳಿದ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಗ್ಗ ಹಿಡಿದದ್ದು ಅವನ ಕೈ ತಾನೇ ಗುರುಗಳೇ? ಅದರಲ್ಲಿ ದೇವರ ಪಾಲೇನು?"

ಗುರುಗಳು ಕೇಳಿದರು: "ಊರೆಲ್ಲ ಓಡಿಹೋದ ಮೇಲೆ ಆ ಕೈಯನ್ನು ನೋಡುತ್ತಿದ್ದವರು ಯಾರು, ಹೇಳು?"